ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಗಾತ್ರದ ಬೆಲೆ ಎಷ್ಟು?

ಪುರುಷರ ವೃತ್ತಿಪರ ಬಾಕ್ಸಿಂಗ್‌ನಲ್ಲಿ 17 ತೂಕದ ವರ್ಗಗಳು ರೂಢಿಯಲ್ಲಿವೆ. ಎಲ್ಲಕ್ಕಿಂತ ಕೆಳಗಿನ ವರ್ಗದ ಮಿತಿ 47.6 ಕಿಲೋ. ಅಲ್ಲಿಂದ ಮೇಲಕ್ಕೆ ಒಂದೊಂದು ವರ್ಗಕ್ಕೂ ಒಂದೊಂದು ಗೆರೆ. ಪಂದ್ಯದ ಮುನ್ನಾದಿನ ತೂಕ ನೋಡುವಾಗ ಆ ಗೆರೆ ದಾಟಿದವನಿಗೆ ಆ ವರ್ಗದ ಪಟ್ಟ ಸಿಗುವುದಿಲ್ಲ. ಗೆಲುವು ಸೋಲು ಬರಿಯ ಮೈಭಾರದಿಂದ ತೀರ್ಮಾನವಾಗದಿರಲಿ ಎಂಬುದಕ್ಕಾಗಿಯೇ ಈ ಗೆರೆಗಳನ್ನು ಎಳೆದಿದ್ದಾರೆ. ಹೆವಿವೇಟ್‌ಗೆ ಮಾತ್ರ ಮೇಲಿನ ಗೆರೆಯೇ ಇಲ್ಲ. 200 ಪೌಂಡ್, ಅಂದರೆ 90.7 ಕಿಲೋ ದಾಟಿದ ಯಾರು ಬೇಕಾದರೂ ಇಲ್ಲಿ ಆಡಬಹುದು. 95 ಕಿಲೋದವನ ಎದುರು 145 ಕಿಲೋದವನು ಬಂದು ನಿಂತರೂ ಅದು ನಿಯಮದ ಪ್ರಕಾರವೇ ನಡೆಯುವ ಪಂದ್ಯ. ಹೀಗಾಗಿ ದೊಡ್ಡವನಾಗಿರುವುದಷ್ಟೇ ಸಾಕೇ ಎಂಬ ಪ್ರಶ್ನೆ ಹುಟ್ಟುವುದು ಈ ಒಂದು ವರ್ಗದಲ್ಲಿ.

ಹಿಂದೆ ಈ ವರ್ಗದ ಕೆಳಗಿನ ಗೆರೆ ಇನ್ನೂ ಕೆಳಗಿತ್ತು. 1979-80ರ ಸುಮಾರಿಗೆ ಕ್ರೂಸರ್‌ವೇಟ್ ಎಂಬ ಹೊಸ ವರ್ಗ ಬರುವವರೆಗೆ 175 ಪೌಂಡ್, ಅಂದರೆ 79.4 ಕಿಲೋ ದಾಟಿದವರೆಲ್ಲರೂ ಹೆವಿವೇಟ್‌ಗಳೇ. ಕೈಗವಸು ತೊಟ್ಟು ಆಡುವ ಆಧುನಿಕ ಬಾಕ್ಸಿಂಗ್‌ನ ಮೊದಲ ದೊಡ್ಡ ಪಂದ್ಯ 1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಿತು. 96 ಕಿಲೋ ತೂಗುತ್ತಿದ್ದ ಜಾನ್ ಎಲ್. ಸಲಿವನ್‌ನನ್ನು 81 ಕಿಲೋದ ಜೇಮ್ಸ್ ಕಾರ್ಬೆಟ್ 21ನೇ ಸುತ್ತಿನಲ್ಲಿ ಕೆಡವಿದ. ಐದು ವರ್ಷ ಕಳೆದು ಅದೇ ಕಾರ್ಬೆಟ್‌ನನ್ನು ಸುಮಾರು 76 ಕಿಲೋದ ಬಾಬ್ ಫಿಟ್ಸಿಮನ್ಸ್ ಹೊಟ್ಟೆಯ ಮೇಲ್ಭಾಗಕ್ಕೆ ಕೊಟ್ಟ ಒಂದು ಗುದ್ದಿನಿಂದ ಉರುಳಿಸಿದ. ಹೆವಿವೇಟ್ ಪಟ್ಟದ ಚರಿತ್ರೆ ತೊಡಗಿದ್ದೇ ಹಗುರದವರು ಭಾರದವರನ್ನು ಸೋಲಿಸುವುದರಿಂದ.

ಹಾಗೆಂದು ಗಾತ್ರಕ್ಕೆ ಬೆಲೆಯೇ ಇಲ್ಲ ಎನ್ನುವುದು ಸುಳ್ಳು. ಎತ್ತರದವನ ತೋಳು ಉದ್ದ. ಎಡಗೈಯನ್ನು ನೇರವಾಗಿ ಚಾಚಿ ಹೊಡೆಯುವ ಜಾಬ್‌ನಿಂದ ಅವನು ಎದುರಾಳಿಯನ್ನು ದೂರದಲ್ಲೇ ತಡೆದಿಡಬಲ್ಲ. ಗಿಡ್ಡನೆಯವನು ಆ ದೂರವನ್ನು ದಾಟಿ ಒಳಗೆ ನುಗ್ಗುವಷ್ಟರಲ್ಲಿ ಎರಡು ಮೂರು ಏಟು ತಿಂದಿರುತ್ತಾನೆ. ಇಬ್ಬರೂ ಹತ್ತಿರ ಬಂದು ತೆಕ್ಕೆ ಹಾಕಿಕೊಂಡರೆ ಆಗಲೂ ಭಾರದವನಿಗೇ ಲಾಭ. ಎದುರಾಳಿಯ ಕತ್ತು, ಭುಜಗಳ ಮೇಲೆ ಅವನು ತನ್ನ ಮೈಯನ್ನು ಹೇರುತ್ತಾನೆ. ಪ್ರತಿ ಸುತ್ತಿನಲ್ಲೂ ಆ ಭಾರ ಹೊತ್ತವನ ಕಾಲುಗಳು ಏಳೆಂಟು ಸುತ್ತಿನ ಹೊತ್ತಿಗೆ ಸೋಲತೊಡಗುತ್ತವೆ. ದಪ್ಪ ಕತ್ತಿನ ಸ್ನಾಯುಗಳು ತಲೆಯ ಓಲಾಟವನ್ನು ಒಂದಿಷ್ಟು ತಡೆಯುವುದರಿಂದ ಏಟು ತಾಳುವ ಶಕ್ತಿಯೂ ಹೆಚ್ಚು. ಇಬ್ಬರ ಕೌಶಲವೂ ಸಮವಾಗಿದ್ದರೆ ದೊಡ್ಡವನೇ ಗೆಲ್ಲುತ್ತಾನೆ ಎಂಬುದು ಬಾಕ್ಸಿಂಗ್ ಬಲ್ಲವರ ಹಳೆಯ ಮಾತು, ಅದು ನಿಜ ಕೂಡ. ಕೆಲವೊಮ್ಮೆ ಕೌಶಲ ಸಮವಿಲ್ಲದಿದ್ದರೂ ಹಾಗಾಗುತ್ತದೆ. 1934ರ ಮಾರ್ಚ್‌ನಲ್ಲಿ ಮಯಾಮಿಯಲ್ಲಿ ಇಟಲಿಯ ಪ್ರೀಮೊ ಕಾರ್ನೇರಾ ಟಾಮಿ ಲೋಗ್ರನ್‌ನನ್ನು ಅಂಕಗಳ ಮೇಲೆ ಸೋಲಿಸಿದ. ಲೋಗ್ರನ್ ಲೈಟ್ ಹೆವಿವೇಟ್‌ನ ಮಾಜಿ ಚಾಂಪಿಯನ್, ಆ ಕಾಲದ ನುರಿತ ಆಟಗಾರ. ಆದರೆ ಅವನ ತೂಕ 83 ಕಿಲೋ ಚಿಲ್ಲರೆ, ಕಾರ್ನೇರಾನದು 122. ಮೂವತ್ತೊಂಬತ್ತು ಕಿಲೋದ ಅಂತರವನ್ನು ಆ ನುರಿತ ಕೈಗಳು ತುಂಬಿಕೊಡಲಾಗಲಿಲ್ಲ.

ಗಾತ್ರ ಕೊಡಲಾರದ್ದು ಏನು ಎಂಬುದನ್ನು ತಿಳಿಯಲು ಗುದ್ದು ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಅದು ಹುಟ್ಟುವುದು ತೋಳಿನಲ್ಲಲ್ಲ, ಹಿಂದಿನ ಪಾದದಲ್ಲಿ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಕೊನೆಗೆ ಮುಷ್ಟಿ ಹೊರಡುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಏಟಿನಲ್ಲಿ ಕಸುವಿರುವುದಿಲ್ಲ. ಮರ ಕಡಿಯುವವನ ಕೊಡಲಿಯಂತೆ, ಬೀಸು ಸರಿಯಿದ್ದರೆ ಸಾಧಾರಣ ಮೈಯವನ ಏಟೂ ಆಳಕ್ಕೆ ಇಳಿಯುತ್ತದೆ. ಪ್ರಜ್ಞೆ ತಪ್ಪುವುದಕ್ಕೆ ಮುಖ್ಯ ಕಾರಣ ತಲೆ ಗಕ್ಕನೆ ತಿರುಗುವುದು. ಗದ್ದದ ತುದಿಗೆ ಓರೆಯಾಗಿ ಬಿದ್ದ ಏಟು ತಲೆಯನ್ನು ತಿರುಗಿಸಿ ಒಳಗಿನ ಮಿದುಳನ್ನು ಅಲುಗಾಡಿಸುತ್ತದೆ. ಬರುತ್ತಿರುವುದು ಕಾಣದ ಏಟಾದರೆ ಕತ್ತು ಬಿಗಿಹಿಡಿಯಲೂ ಸಮಯವಿರುವುದಿಲ್ಲ. ಇಷ್ಟು ಮಾಡಲು 90-95 ಕಿಲೋದ ದೇಹ ಧಾರಾಳವಾಗಿ ಸಾಕು. ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ ಗುದ್ದು ಅಮೆರಿಕದ ಡಿಯಾಂಟೇ ವೈಲ್ಡರ್‌ನದು. 2018ರ ಡಿಸೆಂಬರ್ ಹೊತ್ತಿಗೆ ಅವನು ಗೆದ್ದಿದ್ದ 40 ಪಂದ್ಯಗಳಲ್ಲಿ 39 ನಾಕೌಟ್. 6 ಅಡಿ 7 ಅಂಗುಲದ ಆ ಮನುಷ್ಯ ಆಗ ತೂಗಿದ್ದು ಬರಿಯ 96 ಕಿಲೋ.

ಇನ್ನೊಂದು ಕಡೆ, ಗಾತ್ರ ತನ್ನ ಬಾಡಿಗೆಯನ್ನು ವಸೂಲಿ ಮಾಡುತ್ತದೆ. ದೇಹ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಬೆಳೆದರೆ ಸ್ನಾಯುವಿನ ಬಲ ಅದರ ಅಡ್ಡಸೀಳಿನ ವಿಸ್ತಾರಕ್ಕೆ ತಕ್ಕಂತೆ ಏರುತ್ತದೆ, ತೂಕ ಮಾತ್ರ ಗಾತ್ರಕ್ಕೆ ತಕ್ಕಂತೆ ಅದಕ್ಕಿಂತ ಬೇಗ ಏರುತ್ತದೆ. ಹಾಗಾಗಿ ಅತಿ ದೊಡ್ಡ ದೇಹ ತನ್ನನ್ನು ತಾನು ಹೊತ್ತು ತಿರುಗುವುದಕ್ಕೇ ಹೆಚ್ಚು ಶಕ್ತಿ ಸುರಿಯಬೇಕು. ಮೂರು ನಿಮಿಷದ ಹನ್ನೆರಡು ಸುತ್ತುಗಳಲ್ಲಿ ಈ ಖರ್ಚು ಸಣ್ಣದಲ್ಲ.

ದೈತ್ಯರ ಕಥೆಗಳಲ್ಲಿ ಮೊದಲನೆಯದು ಜೆಸ್ ವಿಲ್ಲರ್ಡ್‌ನದು. ಆರೂವರೆ ಅಡಿ ಮೀರಿದ ಎತ್ತರ, 111 ಕಿಲೋ ತೂಕ. 1915ರಲ್ಲಿ ಹವಾನಾದ ಬಿಸಿಲಿನಲ್ಲಿ 26 ಸುತ್ತು ಕಾದಾಡಿ ಜಾಕ್ ಜಾನ್ಸನ್‌ನನ್ನು ಸೋಲಿಸಿ ಪಟ್ಟ ಪಡೆದಿದ್ದ. 1919ರ ಜುಲೈ 4ರಂದು ಒಹಾಯೊ ರಾಜ್ಯದ ಟೊಲಿಡೊದಲ್ಲಿ ಅವನ ಎದುರು ಬಂದವನು ಜಾಕ್ ಡೆಂಪ್ಸಿ, ತೂಕ 85 ಕಿಲೋ. ಡೆಂಪ್ಸಿ ಬಗ್ಗಿ ಓಲಾಡುತ್ತ ಒಳಗೆ ನುಗ್ಗಿದ. ಬದಿಯಿಂದ ತೋಳು ಬಾಗಿಸಿ ಬೀಸುವ ಎಡಗೈಯ ಹುಕ್ ತಗಲಿದ್ದೇ ವಿಲ್ಲರ್ಡ್ ಕುಳಿತುಬಿಟ್ಟ. ಬಿದ್ದವನಿಂದ ದೂರ ಹೋಗಿ ಮೂಲೆಯಲ್ಲಿ ನಿಲ್ಲಬೇಕೆಂಬ ನಿಯಮ ಆಗ ಜಾರಿಯಲ್ಲಿರಲಿಲ್ಲ. ಡೆಂಪ್ಸಿ ಪಕ್ಕದಲ್ಲೇ ನಿಂತು, ದೈತ್ಯ ಮೊಣಕಾಲು ನೆಲದಿಂದ ಎತ್ತಿದ ಕ್ಷಣಕ್ಕೆ ಮತ್ತೆ ಹೊಡೆದ. ಮೊದಲ ಸುತ್ತೊಂದರಲ್ಲೇ ವಿಲ್ಲರ್ಡ್ ಏಳು ಸಲ ನೆಲಕ್ಕೆ ಬಿದ್ದ. ಮೂರು ಸುತ್ತು ಮುಗಿದ ಮೇಲೆ ನಾಲ್ಕನೆಯದಕ್ಕೆ ಕುರ್ಚಿಯಿಂದ ಏಳಲಿಲ್ಲ. ಅವನಿಗೆ ಆಗ 37 ವರ್ಷ, ಮೂರು ವರ್ಷಗಳಿಂದ ಪಟ್ಟಕ್ಕಾಗಿ ಆಡಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ 26 ಕಿಲೋ ಹೆಚ್ಚಿದ್ದ ಆ ದೇಹ ಅವನನ್ನು ಒಂದೇ ಒಂದು ಸುತ್ತು ಕಾಯಲಿಲ್ಲ.

ಕಾರ್ನೇರಾನ ಕಥೆ ಹೆಚ್ಚು ನೋವಿನದು. ಇಟಲಿಯ ಸೆಕ್ವಾಲ್ಸ್ ಎಂಬ ಊರಿನ ಬಡ ಹುಡುಗ ಆರೂವರೆ ಅಡಿ ಬೆಳೆದ ಒಂದೇ ಕಾರಣಕ್ಕೆ ಬಾಕ್ಸಿಂಗ್‌ಗೆ ಎಳೆಯಲ್ಪಟ್ಟ. ಅಮೆರಿಕದಲ್ಲಿ ಅವನ ವ್ಯವಹಾರ ಅಪರಾಧಿ ಗುಂಪುಗಳ ಕೈಗೆ ಸಿಕ್ಕಿತು. ಅವನು ಗೆದ್ದ ಎಷ್ಟೋ ಪಂದ್ಯಗಳು ಮೊದಲೇ ಗೊತ್ತುಮಾಡಿದವು ಎಂಬ ಶಂಕೆ ಇಂದಿಗೂ ಹೋಗಿಲ್ಲ. 1933ರ ಜೂನ್ 29ರಂದು ಪಟ್ಟ ಗೆದ್ದವನು ಮರುವರ್ಷ ಮ್ಯಾಕ್ಸ್ ಬೇರ್ ಎದುರು ಮತ್ತೆ ಮತ್ತೆ ನೆಲಕ್ಕೆ ಬಿದ್ದು 11ನೇ ಸುತ್ತಿನಲ್ಲಿ ಸೋತ. 1935ರಲ್ಲಿ 21 ವರ್ಷದ ಜೋ ಲೂಯಿಸ್ ಅವನನ್ನು ಆರು ಸುತ್ತಿನಲ್ಲಿ ಮುಗಿಸಿದ. ಅಂದು ಲೂಯಿಸ್‌ನ ತೂಕ 89 ಕಿಲೋ, ಕಾರ್ನೇರಾನದು 118. ಕಾರ್ನೇರಾ ಹೇಡಿಯಾಗಿರಲಿಲ್ಲ, ಬಿದ್ದಷ್ಟು ಸಲವೂ ಎದ್ದ. ಅವನ ಸುತ್ತಲಿದ್ದವರಿಗೆ ಆ ದೇಹದಿಂದ ಬರುವ ಹಣ ಬೇಕಿತ್ತು, ಆಟ ಕಲಿಸುವ ತಾಳ್ಮೆ ಬೇಕಿರಲಿಲ್ಲ. ಬಾಕ್ಸಿಂಗ್ ಜಗತ್ತು ದೊಡ್ಡ ದೇಹವೊಂದಕ್ಕೆ ಮಾಡಿದ ಅತಿ ದೊಡ್ಡ ಅನ್ಯಾಯ ಇದು. ಪಟ್ಟ ಗೆದ್ದ ದಿನಾಂಕದಂದೇ, 1967ರ ಜೂನ್ 29ರಂದು, ಅವನು ತನ್ನ ಊರಿನಲ್ಲಿ ತೀರಿಕೊಂಡ.

ರಷ್ಯಾದ ನಿಕೊಲಾಯ್ ವಾಲುಯೆವ್ ಪಟ್ಟ ಪಡೆದವರಲ್ಲೇ ಅತಿ ಎತ್ತರದವನು, 7 ಅಡಿ. 2005ರಲ್ಲಿ ಡಬ್ಲ್ಯುಬಿಎ ಎಂಬ ಸಂಸ್ಥೆ ಕೊಡುವ ಪಟ್ಟ ಗೆದ್ದ. 2009ರ ನವೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ಬ್ರಿಟನ್ನಿನ ಡೇವಿಡ್ ಹೇ ಅವನನ್ನು ಎದುರಿಸಿದಾಗ ತೂಕದ ಅಂತರ ಸುಮಾರು 45 ಕಿಲೋ. ಹೇ ಹನ್ನೆರಡು ಸುತ್ತೂ ಸುತ್ತಲೂ ಸರಿಯುತ್ತಲೇ ಇದ್ದ, ಹೊಡೆದದ್ದು ಕಡಿಮೆ. ವಾಲುಯೆವ್‌ನ ಉದ್ದ ತೋಳುಗಳು ಬಹುಪಾಲು ಗಾಳಿಯನ್ನೇ ಹೊಡೆದವು. ಕೊನೆಯ ಸುತ್ತಿನಲ್ಲಿ ಹೇ ಕೊಟ್ಟ ಏಟಿಗೆ ದೈತ್ಯನ ಕಾಲು ಅಲುಗಿತು. ನೋಡಲು ಸೊಗಸಾದ ಪಂದ್ಯವೇನಲ್ಲ, ಆದರೆ ಹೇ ಗೆದ್ದ ಆ ಫಲಿತಾಂಶ ನ್ಯಾಯವಾದದ್ದು.

ಹಾಗಾದರೆ ದೈತ್ಯರಲ್ಲಿ ನಿಜವಾದ ದೊಡ್ಡ ಬಾಕ್ಸರ್‌ಗಳೇ ಇಲ್ಲವೇ? ಇದ್ದಾರೆ, ಮತ್ತು ಅವರ ಬದುಕೇ ಈ ಪ್ರಶ್ನೆಗೆ ಅತಿ ಸ್ಪಷ್ಟವಾದ ಉತ್ತರ. 6 ಅಡಿ 5 ಅಂಗುಲದ ಲೆನಾಕ್ಸ್ ಲೂಯಿಸ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾಕ್ಕೆ ಚಿನ್ನ ತಂದವನು. 1994ರಲ್ಲಿ ಆಲಿವರ್ ಮೆಕಾಲ್‌ನ ಒಂದು ಬಲಗೈ ಏಟಿಗೆ ಎರಡನೇ ಸುತ್ತಿನಲ್ಲೇ ಪಟ್ಟ ಕಳೆದುಕೊಂಡ. ಮೆಕಾಲ್‌ನನ್ನು ಅಂದು ತಯಾರು ಮಾಡಿದ್ದವರು ಡೆಟ್ರಾಯಿಟ್‌ನ ಕ್ರಾಂಕ್ ಜಿಮ್‌ನ ಗುರು ಇಮ್ಯಾನ್ಯುಯೆಲ್ ಸ್ಟೀವರ್ಡ್. ಸೋತ ಲೂಯಿಸ್ ಮಾಡಿದ ಜಾಣತನವೆಂದರೆ ಅದೇ ಸ್ಟೀವರ್ಡ್‌ರನ್ನು ತನ್ನ ಗುರುವನ್ನಾಗಿ ಮಾಡಿಕೊಂಡದ್ದು. ಬಲಗೈಯನ್ನು ನಂಬಿ ಮೈಮರೆಯುತ್ತಿದ್ದವನಿಗೆ ಸ್ಟೀವರ್ಡ್ ಜಾಬ್‌ನ ಹಿಂದೆ ನಿಲ್ಲುವುದನ್ನೂ ಪಾದಗಳ ಸಮತೋಲವನ್ನೂ ಕಲಿಸಿದರು. 1999ರಲ್ಲಿ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿ ಲೂಯಿಸ್ ಸರ್ವಮಾನ್ಯ ಚಾಂಪಿಯನ್ ಆದ. ವೃತ್ತಿಯಲ್ಲಿ ತನ್ನನ್ನು ಸೋಲಿಸಿದ ಇಬ್ಬರನ್ನೂ ಮತ್ತೆ ಎದುರಿಸಿ ಗೆದ್ದ.

ಉಕ್ರೇನಿನ ವ್ಲಾದಿಮಿರ್ ಕ್ಲಿಚ್ಕೊ ಕೂಡ ಸ್ಟೀವರ್ಡ್‌ರ ಶಿಷ್ಯನೇ. ಆರೂವರೆ ಅಡಿ ಎತ್ತರ, 1996ರ ಒಲಿಂಪಿಕ್ ಚಿನ್ನ, ಶಿಲ್ಪದಂಥ ಮೈಕಟ್ಟು, ಎಲ್ಲವೂ ಇತ್ತು. ಆದರೆ 2003ರಲ್ಲಿ ಕೋರಿ ಸ್ಯಾಂಡರ್ಸ್ ಎದುರು ಎರಡೇ ಸುತ್ತಿನಲ್ಲಿ, 2004ರಲ್ಲಿ ಲೇಮನ್ ಬ್ರೂಸ್ಟರ್ ಎದುರು ಐದನೆಯ ಸುತ್ತಿನಲ್ಲಿ ಸೋತ. ಇಬ್ಬರೂ ಅವನಿಗಿಂತ ಗಿಡ್ಡನೆಯವರೇ. ಸ್ಟೀವರ್ಡ್‌ರ ಗರಡಿಯಲ್ಲಿ ಅವನು ದೂರವನ್ನು ಅಳೆಯುವುದನ್ನು, ಜಾಬ್ ಹಾಕಿ ಹಿಂದೆ ಸರಿಯುವುದನ್ನು, ಎದುರಾಳಿ ಹತ್ತಿರ ಬಂದರೆ ಹಿಡಿದು ಭಾರ ಹಾಕುವುದನ್ನು ರೂಢಿಸಿಕೊಂಡ. 2006ರಿಂದ 2015ರವರೆಗೆ ಅವನನ್ನು ಯಾರೂ ಪಟ್ಟದಿಂದ ಇಳಿಸಲಾಗಲಿಲ್ಲ. 2004ರ ಕ್ಲಿಚ್ಕೊ ಮತ್ತು 2010ರ ಕ್ಲಿಚ್ಕೊ ನಡುವೆ ಎತ್ತರ ಒಂದು ಅಂಗುಲವೂ ಬದಲಾಗಿರಲಿಲ್ಲ. ಬದಲಾದದ್ದು ಆ ಎತ್ತರವನ್ನು ಬಳಸುವ ವಿದ್ಯೆ. ಕೊನೆಗೆ ಅವನನ್ನು ಸೋಲಿಸಿದವನು 6 ಅಡಿ 9 ಅಂಗುಲದ ಟೈಸನ್ ಫ್ಯೂರಿ. ಅಷ್ಟು ಎತ್ತರದವನೊಬ್ಬ ತಲೆ ಓಲಾಡಿಸುತ್ತ, ಹುಸಿ ಏಟು ತೋರಿಸುತ್ತ ಹಗುರದವನಂತೆ ಆಡಬಲ್ಲ ಎಂಬುದು ಅಂದು ಕ್ಲಿಚ್ಕೊನನ್ನು ಕಂಗೆಡಿಸಿತು.

ಎತ್ತರ ಹುಟ್ಟಿನಿಂದ ಬಂದದ್ದು, ತೂಕ ಹಾಗಲ್ಲ. ತೂಕ ಹೆಚ್ಚಿಸಿಕೊಂಡು ಬಂದ ಚಾಂಪಿಯನ್‌ಗಳಿಗೆ ಏನಾಯಿತು ಎಂಬುದು ದಾಖಲೆಗಳಲ್ಲೇ ಇದೆ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಮೈಕ್ ಟೈಸನ್‌ನನ್ನು ಕೆಡವಿ ಜಗತ್ತನ್ನು ಬೆರಗುಗೊಳಿಸಿದ ಬಸ್ಟರ್ ಡಗ್ಲಸ್ ಅಂದು 105 ಕಿಲೋ. ಎಂಟು ತಿಂಗಳ ನಂತರ 111 ಕಿಲೋ ಮೀರಿ ಬಂದು, 94 ಕಿಲೋದ ಹೋಲಿಫೀಲ್ಡ್ ಎದುರು ಮೂರನೇ ಸುತ್ತಿನಲ್ಲಿ ಬಿದ್ದವನು ಏಳಲಿಲ್ಲ. 1992ರಲ್ಲಿ ಹೋಲಿಫೀಲ್ಡ್‌ನನ್ನು ಅದ್ಭುತವಾಗಿ ಸೋಲಿಸಿದ ರಿಡಿಕ್ ಬೋ ಮರುವರ್ಷ ಐದು ಕಿಲೋ ಹೆಚ್ಚಿಸಿಕೊಂಡು ಬಂದು ಅದೇ ಹೋಲಿಫೀಲ್ಡ್‌ಗೆ ಪಟ್ಟ ಬಿಟ್ಟುಕೊಟ್ಟ. 2019ರ ಜೂನ್‌ನಲ್ಲಿ ಆಂಡಿ ರೂಯಿಸ್ ತನಗಿಂತ ನಾಲ್ಕು ಅಂಗುಲ ಎತ್ತರದ ಆಂಥನಿ ಜೋಶುವಾನನ್ನು ಉರುಳಿಸಿದ. ಆರೇ ತಿಂಗಳಲ್ಲಿ ಮರುಪಂದ್ಯಕ್ಕೆ ಏಳು ಕಿಲೋ ಹೆಚ್ಚು ಹೊತ್ತು ತಂದ, ಜೋಶುವಾ ನಾಲ್ಕೂವರೆ ಕಿಲೋ ಇಳಿಸಿ ಬಂದಿದ್ದ. ಹನ್ನೆರಡು ಸುತ್ತಿನಲ್ಲಿ ರೂಯಿಸ್‌ಗೆ ಜೋಶುವಾ ಕೈಗೆ ಸಿಗಲೇ ಇಲ್ಲ.

ಗಿಡ್ಡನೆಯ ಚಾಂಪಿಯನ್‌ಗಳು ದೊಡ್ಡವರ ಉದ್ದ ತೋಳನ್ನು ದಾಟಿದ ದಾರಿಗಳು ಬೇರೆ ಬೇರೆ. 5 ಅಡಿ ಹತ್ತೂವರೆ ಅಂಗುಲದ, 84 ಕಿಲೋದ ರಾಕಿ ಮಾರ್ಸಿಯಾನೊ ಬಗ್ಗಿ ನಿಂತು ಎದುರಾಳಿಯ ತೋಳು, ಭುಜ ಎನ್ನದೆ ಸಿಕ್ಕಲ್ಲಿ ಹೊಡೆದು ದಣಿಸುತ್ತಿದ್ದ. 49 ಪಂದ್ಯ, 49 ಗೆಲುವು, 43 ನಾಕೌಟ್. ಜೋ ಫ್ರೇಜಿಯರ್ ಸೊಂಟದಿಂದ ಬಾಗಿ ಓಲಾಡುತ್ತ ಬಂದು ಎಡಗೈಯ ಹುಕ್ ಎಸೆಯುತ್ತಿದ್ದ. 1971ರ ಮಾರ್ಚ್ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 15ನೇ ಸುತ್ತಿನಲ್ಲಿ ಮುಹಮ್ಮದ್ ಅಲಿಯನ್ನು ನೆಲಕ್ಕೆ ಬೀಳಿಸಿದ್ದು ಅದೇ ಹುಕ್. ಮೈಕ್ ಟೈಸನ್‌ಗೆ ಗುರು ಕಸ್ ಡಿಅಮಾಟೊ ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಎಡಬಲಕ್ಕೆ ಜಾರಿಸುತ್ತ ಒಳಗೆ ನುಗ್ಗುವುದನ್ನು ಕಲಿಸಿದ್ದರು. 20ನೇ ವಯಸ್ಸಿಗೆ ಅವನು ಚಾಂಪಿಯನ್ ಆದ. ಈ ಶೈಲಿಗಳಿಗೆಲ್ಲ ಒಂದೇ ಶಾಪ: ಕಾಲಿನ ಚುರುಕು ಕುಗ್ಗಿದ ದಿನ ದೂರ ದಾಟಲಾಗುವುದಿಲ್ಲ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಫ್ರೇಜಿಯರ್‌ನನ್ನು ಆರು ಸಲ ಬೀಳಿಸಿದ. 2002ರಲ್ಲಿ ಲೆನಾಕ್ಸ್ ಲೂಯಿಸ್‌ನ ಜಾಬ್‌ನ ಎದುರು ಟೈಸನ್ ಎಂಟು ಸುತ್ತು ತಡಕಾಡಿ ಬಿದ್ದ.

ಮಾರ್ಸಿಯಾನೊ ಇಂದಿದ್ದರೆ ಫ್ಯೂರಿಯಂಥವರನ್ನು ಸೋಲಿಸುತ್ತಿದ್ದನೇ ಎಂಬ ವಾದ ಅಭಿಮಾನಿಗಳಲ್ಲಿ ಮುಗಿಯುವುದೇ ಇಲ್ಲ. ಬಹುಶಃ ಸೋಲಿಸುತ್ತಿರಲಿಲ್ಲ. ಇಂದಿನ ಲೆಕ್ಕದಲ್ಲಿ ಅವನು ಕ್ರೂಸರ್‌ವೇಟ್, ಮತ್ತು ಆಟ ಬಲ್ಲ ಆರೂವರೆ ಅಡಿಯವನೊಬ್ಬನೂ ಅವನ ಎದುರು ನಿಂತದ್ದಿಲ್ಲ. ಆದರೆ ಅವನ ಶ್ರೇಷ್ಠತೆಯನ್ನು ಇದರಿಂದ ಅಳೆಯುವುದು ಸರಿಯಲ್ಲ. ತನ್ನ ಕಾಲದಲ್ಲಿ ಇದ್ದವರಲ್ಲಿ ಉತ್ತಮರು ಯಾರೋ ಅವರೊಂದಿಗೆ ಆಡಿ ಗೆದ್ದವನು ಶ್ರೇಷ್ಠ. ಹುಟ್ಟದೇ ಇದ್ದವರನ್ನು ಸೋಲಿಸುವ ಹೊಣೆ ಯಾರ ಮೇಲೂ ಇಲ್ಲ.

ಹೆವಿವೇಟ್‌ನ ಅತಿ ಎತ್ತರದ ಸ್ಥಾನಕ್ಕೆ ಸಾಮಾನ್ಯವಾಗಿ ಎರಡು ಹೆಸರು ಬರುತ್ತವೆ, ಜೋ ಲೂಯಿಸ್ ಮತ್ತು ಮುಹಮ್ಮದ್ ಅಲಿ. ಲೂಯಿಸ್ 6 ಅಡಿ 2 ಅಂಗುಲದ ಆಸುಪಾಸು, ಅಲಿ 6 ಅಡಿ 3 ಅಂಗುಲ. ತಮ್ಮ ಉತ್ತಮ ದಿನಗಳಲ್ಲಿ ಇಬ್ಬರೂ ನೂರು ಕಿಲೋದೊಳಗೆ. ಪಟ್ಟವನ್ನು 25 ಸಲ ಉಳಿಸಿಕೊಂಡ ಲೂಯಿಸ್‌ನ ದಾಖಲೆ ಹೆವಿವೇಟ್‌ನಲ್ಲಿ ಇಂದಿಗೂ ಮುರಿದಿಲ್ಲ. ಹೋಲಿಫೀಲ್ಡ್ ಕೂಡ ಇದೇ ಅಳತೆಯವನು. ಅಲಿಯ ಎತ್ತರವೇ ಇರುವ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅದೇ ಸಾಲಿಗೆ ಸೇರಿದವನು. ದೂರದಿಂದಲೂ ಹೊಡೆಯಲು ಸಾಕಾಗುವಷ್ಟು ತೋಳು, ಹನ್ನೆರಡು ಸುತ್ತು ನಿಲ್ಲದೆ ಚಲಿಸಲು ಆಗುವಷ್ಟು ಹಗುರ ಮೈ, ಈ ಎರಡೂ ಕೂಡುವ ಜಾಗ ಸುಮಾರು ಇದೇ ಇರಬೇಕು.

ಉಸಿಕ್ 2018ರಲ್ಲಿ ಕ್ರೂಸರ್‌ವೇಟ್‌ನ ಎಲ್ಲ ಪಟ್ಟಗಳನ್ನೂ ಗೆದ್ದು ಮೇಲೆ ಬಂದವನು. ಜೋಶುವಾನನ್ನು ಎರಡು ಸಲ ಸೋಲಿಸಿದ ಮೇಲೆ, 2024ರ ಮೇ 18ರಂದು ರಿಯಾದ್‌ನಲ್ಲಿ ಫ್ಯೂರಿಯನ್ನು ಎದುರಿಸಿದ. ಉಸಿಕ್ 101 ಕಿಲೋ, ಫ್ಯೂರಿ 119. ಚಾಚಿದ ತೋಳುಗಳ ಅಳತೆಯಲ್ಲಿ 18 ಸೆಂಟಿಮೀಟರ್ ಅಂತರ. ಎಡಗೈ ಬಾಕ್ಸರ್ ಆದ ಉಸಿಕ್ ತನ್ನ ಮುಂದಿನ ಪಾದವನ್ನು ಫ್ಯೂರಿಯ ಪಾದದ ಹೊರಗೆ ಇಡುತ್ತ, ಬಲಗೈಯ ಜಾಬನ್ನು ಎದೆಗೆ ಕುಟ್ಟುತ್ತ ಹತ್ತಿರ ಸರಿಯುತ್ತಿದ್ದ. ನಾಲ್ಕರಿಂದ ಏಳನೇ ಸುತ್ತಿನವರೆಗೆ ಫ್ಯೂರಿಯದೇ ಮೇಲುಗೈ. ಕೆಳಗಿನಿಂದ ಮೇಲಕ್ಕೆತ್ತಿ ಹೊಡೆಯುವ ಅವನ ಅಪ್ಪರ್‌ಕಟ್‌ಗಳು ಉಸಿಕ್‌ನ ಗದ್ದಕ್ಕೂ ಹೊಟ್ಟೆಗೂ ತಗಲಿದವು, ದೊಡ್ಡವನೇ ಗೆದ್ದ ಎನಿಸಿತು. ಎಂಟರಲ್ಲಿ ಗಾಳಿ ತಿರುಗಿತು. ಒಂಬತ್ತನೆಯ ಸುತ್ತಿನಲ್ಲಿ ಉಸಿಕ್‌ನ ಎಡಗೈ ಸರಿಯಾಗಿ ಸಿಕ್ಕಿತು. ಫ್ಯೂರಿಯ ಕಾಲುಗಳು ಸ್ವಾಧೀನ ತಪ್ಪಿ, ಅವನು ಒಂದು ಬದಿಯ ಹಗ್ಗದಿಂದ ಇನ್ನೊಂದು ಬದಿಗೆ ತೂರಾಡಿದ. ಉಸಿಕ್ ಬೆನ್ನು ಬಿಡದೆ ಒಂದರ ಮೇಲೊಂದು ಹೊಡೆಯುತ್ತ ಹೋದ. ಹಗ್ಗವೇ ಹಿಡಿದು ನಿಲ್ಲಿಸಿದೆ ಎಂದು ಕಂಡ ರೆಫರಿ ನಡುವೆ ಬಂದು ಎಣಿಕೆ ಶುರುಮಾಡಿದರು. ಎಣಿಕೆ ಮುಗಿಯುತ್ತಿದ್ದಂತೆ ಗಂಟೆ ಬಡಿದು ಫ್ಯೂರಿ ಉಳಿದುಕೊಂಡ. ಇಬ್ಬರು ತೀರ್ಪುಗಾರರು ಉಸಿಕ್‌ಗೆ, ಒಬ್ಬರು ಫ್ಯೂರಿಗೆ ಅಂಕ ಕೊಟ್ಟರು. ಫ್ಯೂರಿಯ ವೃತ್ತಿಜೀವನದ ಮೊದಲ ಸೋಲು ಅದು. 1999ರ ಲೆನಾಕ್ಸ್ ಲೂಯಿಸ್‌ನ ನಂತರ ಹೆವಿವೇಟ್‌ಗೆ ಸಿಕ್ಕ ಮೊದಲ ಸರ್ವಮಾನ್ಯ ಚಾಂಪಿಯನ್ ಉಸಿಕ್.

ಆ ವರ್ಷದ ಡಿಸೆಂಬರ್‌ನ ಮರುಪಂದ್ಯಕ್ಕೆ ಫ್ಯೂರಿ 127 ಕಿಲೋ ಮೀರಿ ಬಂದ. ಭಾರದಿಂದಲೇ ಎದುರಾಳಿಯನ್ನು ದಣಿಸುವ ಲೆಕ್ಕ ಅವನಿಗೆ ಅಪರಿಚಿತವಲ್ಲ. 2020ರಲ್ಲಿ ವೈಲ್ಡರ್‌ನ ಕತ್ತಿನ ಮೇಲೆ ಮೈ ಹೇರಿ ಏಳನೇ ಸುತ್ತಿನಲ್ಲಿ ಗೆದ್ದಿದ್ದ. ಉಸಿಕ್ ಮಾತ್ರ ತೆಕ್ಕೆಗೆ ಸಿಗುವಷ್ಟು ಹೊತ್ತು ಒಂದೆಡೆ ನಿಲ್ಲಲೇ ಇಲ್ಲ. ಈ ಸಲ ಮೂವರು ತೀರ್ಪುಗಾರರೂ 116-112 ಎಂದು ಅವನ ಪರವಾಗಿಯೇ ಬರೆದರು. 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ, 38ನೇ ವಯಸ್ಸಿನ ಉಸಿಕ್ ತನಗಿಂತ ಎರಡು ಅಂಗುಲ ಎತ್ತರದ, ಏಳು ಕಿಲೋ ಹೆಚ್ಚು ತೂಕದ, ಹತ್ತು ವರ್ಷ ಕಿರಿಯ ಡೇನಿಯಲ್ ಡುಬೋವಾನನ್ನು ಐದನೇ ಸುತ್ತಿನಲ್ಲಿ ಎಡಗೈಯ ಹುಕ್‌ನಿಂದ ಕೆಡವಿ, ಎರಡನೆಯ ಬಾರಿ ಹೆವಿವೇಟ್‌ನ ಸರ್ವಮಾನ್ಯ ಚಾಂಪಿಯನ್ ಆದ.